ಇತಿಹಾಸದ ಪಾಠಕ್ಕೆ ಕಾನೂನಿನ ಬೇಲಿ

ಅಮೆರಿಕದ ಒಕ್ಲಹೋಮ ರಾಜ್ಯದ ಟಲ್ಸಾ ನಗರದಲ್ಲಿ ಗ್ರೀನ್‌ವುಡ್ ಎಂಬ ಬಡಾವಣೆಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಕಪ್ಪು ಜನರು ತಾವೇ ಕಟ್ಟಿಕೊಂಡ, ಊರೊಳಗಿನ ಇನ್ನೊಂದು ಊರಾಗಿತ್ತು. ಅಂಗಡಿ, ಹೋಟೆಲು, ಸಿನಿಮಾ ಮಂದಿರ, ಪತ್ರಿಕೆ, ಚರ್ಚು ಎಲ್ಲವೂ ಅವರದೇ. 1921ರ ಮೇ 31ರ ರಾತ್ರಿಯಿಂದ ಮರುದಿನ ಮಧ್ಯಾಹ್ನದೊಳಗೆ ಬಿಳಿಯರ ಗುಂಪುಗಳು ಅದನ್ನು ಸುಟ್ಟು ಬೂದಿ ಮಾಡಿದವು. ಲಿಫ್ಟಿನಲ್ಲಿ ಬಿಳಿ ಹುಡುಗಿಯೊಬ್ಬಳ ಮೇಲೆ ಕೈಮಾಡಿದನೆಂದು ಷೂ ಪಾಲಿಷ್ ಮಾಡುತ್ತಿದ್ದ ಕಪ್ಪು ಹುಡುಗನೊಬ್ಬನನ್ನು ಬಂಧಿಸಿದ್ದು ಇದಕ್ಕೆಲ್ಲ ನೆಪವಾಯಿತು. ಆ ಮೊಕದ್ದಮೆ ಮುಂದೆ ಬಿದ್ದುಹೋಯಿತು. ಆದರೆ ಅಷ್ಟರಲ್ಲಿ 1,200ಕ್ಕೂ ಹೆಚ್ಚು ಮನೆಗಳು ಉರಿದುಹೋಗಿದ್ದವು. ಸುಮಾರು 10,000 ಮಂದಿ ನೆಲೆ ಕಳೆದುಕೊಂಡಿದ್ದರು. ಸತ್ತವರು 36 ಮಂದಿ ಎಂದು ಸರ್ಕಾರಿ ದಾಖಲೆ ಹೇಳಿತು. ನಿಜ ಸಂಖ್ಯೆ ನೂರರಿಂದ ಮುನ್ನೂರರವರೆಗೂ ಇರಬಹುದೆಂದು ನಂತರದ ಇತಿಹಾಸಕಾರರ ಅಂದಾಜು.

ಇಷ್ಟು ದೊಡ್ಡ ಘಟನೆ ಮುಂದಿನ ಅರ್ಧ ಶತಮಾನಕಾಲ ಒಕ್ಲಹೋಮದ ಪಠ್ಯಪುಸ್ತಕಗಳಲ್ಲಿ ಇಲ್ಲವೆನ್ನುವಷ್ಟು ವಿರಳವಾಗಿತ್ತು. ಜನರನ್ನು ಉದ್ರೇಕಿಸಿತೆನ್ನಲಾದ ಸ್ಥಳೀಯ ಪತ್ರಿಕೆಯ ಆ ದಿನದ ವರದಿಯನ್ನು, ಹಳೆಯ ಸಂಚಿಕೆಗಳನ್ನು ಮೈಕ್ರೋಫಿಲ್ಮ್‌ಗೆ ಇಳಿಸುವ ಮುನ್ನವೇ ಯಾರೋ ಹರಿದು ತೆಗೆದಿದ್ದರು. ರಾಜ್ಯವೇ ನೇಮಿಸಿದ ತನಿಖಾ ಆಯೋಗ ಕೆಲಸ ಆರಂಭಿಸಿದ್ದು 1997ರಲ್ಲಿ, ವರದಿ ಕೊಟ್ಟದ್ದು 2001ರಲ್ಲಿ. ಆಮೇಲಷ್ಟೇ ಈ ಹತ್ಯಾಕಾಂಡ ರಾಜ್ಯದ ಶಾಲಾ ಪಠ್ಯಕ್ರಮದೊಳಗೆ ಕಾಲಿಟ್ಟಿತು.

2021ರ ಮೇ ತಿಂಗಳಲ್ಲಿ ಆ ಘಟನೆಗೆ ನೂರು ವರ್ಷ ತುಂಬುವುದಿತ್ತು. ಶತಮಾನದ ಸ್ಮರಣೆಗೆ ಮೂರು ವಾರಗಳಷ್ಟೇ ಉಳಿದಿದ್ದಾಗ, ಮೇ 7ರಂದು, ಒಕ್ಲಹೋಮದ ಗವರ್ನರ್ ಕೆವಿನ್ ಸ್ಟಿಟ್ ಒಂದು ಮಸೂದೆಗೆ ಸಹಿ ಹಾಕಿದರು. ತನ್ನ ಜನಾಂಗದ ಅಥವಾ ಲಿಂಗದ ಕಾರಣದಿಂದ ಯಾವ ವ್ಯಕ್ತಿಯೂ ಮುಜುಗರ, ಅಪರಾಧಿ ಭಾವ, ಸಂಕಟ ಅನುಭವಿಸಬೇಕು ಎಂಬ ವಿಚಾರವನ್ನು ಶಾಲೆಯ ಪಾಠದೊಳಗೆ ತರಕೂಡದು ಎಂಬುದು ಅದರ ಕಲಮುಗಳಲ್ಲಿ ಒಂದು. ಒಂದು ಜನಾಂಗದವರು ಹಿಂದೆ ಮಾಡಿದ ಕೃತ್ಯಗಳಿಗೆ ಅದೇ ಜನಾಂಗದ ಇಂದಿನವರು ಹೊಣೆ ಎಂದು ಬೋಧಿಸಬಾರದು ಎಂಬುದು ಇನ್ನೊಂದು. ಸಹಿ ಬಿದ್ದ ಒಂದು ವಾರಕ್ಕೆ ಶತಮಾನೋತ್ಸವ ಸಮಿತಿ ಗವರ್ನರರನ್ನೇ ತನ್ನ ಸದಸ್ಯತ್ವದಿಂದ ಕೈಬಿಟ್ಟಿತು.

ಪಠ್ಯಕ್ರಮದಲ್ಲಿ ಇರುವುದನ್ನು ಕಲಿಸಲು ಈ ಕಾನೂನು ಅಡ್ಡಿಯಲ್ಲ ಎಂಬ ವಾಕ್ಯವೂ ಅದರಲ್ಲೇ ಇದೆ. ಅಂದರೆ ಟಲ್ಸಾ ಪಾಠ ನಡೆಯಬಹುದು. ಆದರೆ ಆ ಪಾಠ ಕೇಳಿದ ಮಗುವಿನ ಮನಸ್ಸಿನಲ್ಲಿ ಸಂಕಟ ಹುಟ್ಟಿದರೆ? ಆ ಸಂಕಟ ಘಟನೆಯಿಂದ ಬಂದದ್ದೋ, ಶಿಕ್ಷಕರ ಮಾತಿನಿಂದ ಬಂದದ್ದೋ ಎಂದು ತೀರ್ಮಾನಿಸುವವರು ಯಾರು? ಅಮೆರಿಕದ ಹಲವು ರಾಜ್ಯಗಳ ಶಾಲೆ, ಕಾಲೇಜು, ಕಚೇರಿಗಳನ್ನು ಕಾಡುತ್ತಿರುವ ವಿವಾದದ ತಿರುಳು ಈ ಪ್ರಶ್ನೆಯಲ್ಲಿದೆ.

ಅಕ್ಷರವೇ ಅಪರಾಧವಾಗಿದ್ದಾಗ

ಯಾರು ಏನು ಕಲಿಯಬೇಕೆಂಬುದನ್ನು ಕಾನೂನಿನಿಂದ ಕಟ್ಟಿಹಾಕುವುದು ಅಮೆರಿಕಕ್ಕೆ ಹೊಸದೇನಲ್ಲ. ದಕ್ಷಿಣ ಕ್ಯಾರೊಲಿನದಲ್ಲಿ 1739ರಲ್ಲಿ ಗುಲಾಮರು ದಂಗೆ ಎದ್ದರು. ಮರುವರ್ಷವೇ ಅಲ್ಲಿ ಬಂದ ಶಾಸನ ಗುಲಾಮರಿಗೆ ಬರೆಯಲು ಕಲಿಸಿದವರಿಗೆ 100 ಪೌಂಡ್ ದಂಡ ವಿಧಿಸಿತು. ಉತ್ತರ ಕ್ಯಾರೊಲಿನದ 1830ರ ಕಾನೂನು ಓದನ್ನೂ ಬರಹವನ್ನೂ ನಿಷೇಧಿಸಿತು. ಅಂಕಿಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಮೂಟೆ ಎಣಿಸಲು, ತೂಕ ಹೇಳಲು ಗುಲಾಮನಿಗೆ ಲೆಕ್ಕ ಬರಬೇಕು. ಕಾಗದ ಓದಲು ಬರಬಾರದು! 1831ರಲ್ಲಿ ವರ್ಜೀನಿಯದಲ್ಲಿ ನ್ಯಾಟ್ ಟರ್ನರ್ ನಾಯಕತ್ವದ ಬಂಡಾಯ ನಡೆದ ಮೇಲಂತೂ ಇಂಥ ಕಟ್ಟಳೆಗಳು ಇನ್ನಷ್ಟು ಬಿಗಿಯಾದವು. ಅದೇ ವರ್ಜೀನಿಯದ ನಾರ್ಫೋಕ್‌ನಲ್ಲಿ ಮಾರ್ಗರೆಟ್ ಡಗ್ಲಾಸ್ ಎಂಬ ಬಿಳಿಯ ಮಹಿಳೆ ಸ್ವತಂತ್ರ ಕಪ್ಪು ಮಕ್ಕಳಿಗೆ ಓದು ಕಲಿಸಿದ ತಪ್ಪಿಗೆ 1854ರಲ್ಲಿ ಒಂದು ತಿಂಗಳು ಜೈಲಿನಲ್ಲಿರಬೇಕಾಯಿತು.

ಅಕ್ಷರದ ಬಾಗಿಲು ಮುಚ್ಚುವುದರ ಅರ್ಥ ಭಾರತದಲ್ಲಿಯೂ ಕೆಲವರಿಗೆ ಚೆನ್ನಾಗಿ ಗೊತ್ತಿತ್ತು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಜೋತಿಬಾ ಫುಲೆ, 1873ರಲ್ಲಿ ಪ್ರಕಟಿಸಿದ ತಮ್ಮ ‘ಗುಲಾಮಗಿರಿ’ ಕೃತಿಯನ್ನು ಅರ್ಪಿಸಿದ್ದು ಗುಲಾಮಗಿರಿಯ ನಿರ್ಮೂಲನಕ್ಕೆ ಹೋರಾಡಿದ ಅಮೆರಿಕದ ಜನರಿಗೆ. ಸಾಗರದಾಚೆಯ ಆ ಹೋರಾಟದಲ್ಲಿ ಅವರು ಕಂಡದ್ದು ತಮ್ಮದೇ ನೆಲದ ಶೂದ್ರಾತಿಶೂದ್ರರ ಬಿಡುಗಡೆಯ ದಾರಿಯನ್ನು.

ಪುಸ್ತಕಗಳಿಗೊಂದು ಅಳತೆಗೋಲು

ಅಂತರ್ಯುದ್ಧ 1865ರಲ್ಲಿ ಮುಗಿಯಿತು, ಗುಲಾಮಗಿರಿ ರದ್ದಾಯಿತು. ಓದುವುದನ್ನು ತಡೆಯುವುದು ಇನ್ನು ಸಾಧ್ಯವಿರಲಿಲ್ಲ. ಹೀಗಾಗಿ ಓದುವ ಪುಸ್ತಕದಲ್ಲಿ ಏನಿರಬೇಕು ಎಂಬುದರ ಮೇಲೆ ಗಮನ ಹರಿಯಿತು. ಸೋತ ದಕ್ಷಿಣದ ಸೈನಿಕರ ವಂಶದ ಮಹಿಳೆಯರು 1894ರಲ್ಲಿ ‘ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ’ ಎಂಬ ಸಂಘ ಕಟ್ಟಿದರು. ಈ ಸಂಘದ ಇತಿಹಾಸ ವಿಭಾಗವನ್ನು ನೋಡಿಕೊಂಡಿದ್ದ ಜಾರ್ಜಿಯದ ಮಿಲ್‌ಡ್ರೆಡ್ ರದರ್‌ಫರ್ಡ್, 1920ರ ಸುಮಾರಿಗೆ ಪಠ್ಯಪುಸ್ತಕಗಳನ್ನು ಪರೀಕ್ಷಿಸಲು ‘ಅಳತೆಗೋಲು’ ಎಂಬ ಅರ್ಥದ ಹೆಸರಿನಲ್ಲೇ ಒಂದು ಕಿರುಹೊತ್ತಗೆ ಹೊರಡಿಸಿದರು. ಗುಲಾಮರ ಒಡೆಯರನ್ನು ಕ್ರೂರಿಗಳೆಂದು ಹೇಳುವ ಪುಸ್ತಕವನ್ನು ತಿರಸ್ಕರಿಸಿ, ದಕ್ಷಿಣ ಹೋರಾಡಿದ್ದು ಗುಲಾಮರನ್ನು ಉಳಿಸಿಕೊಳ್ಳಲು ಎಂದು ಬರೆದ ಪುಸ್ತಕವನ್ನು ತಿರಸ್ಕರಿಸಿ ಎಂಬುದು ಅದರ ಸೂಚನೆ. ಗ್ರಂಥಾಲಯದಲ್ಲಿ ಈಗಾಗಲೇ ಅಂಥ ಪುಸ್ತಕವಿದ್ದರೆ ಅದರ ಮೇಲೆ ‘ದಕ್ಷಿಣಕ್ಕೆ ಅನ್ಯಾಯ ಮಾಡುವಂಥದು’ ಎಂದು ಬರೆದಿಡಬೇಕೆಂದೂ ಹೇಳಲಾಗಿತ್ತು. ಈ ಕೋಲಿನಿಂದ ಅಳೆದ ಇತಿಹಾಸವನ್ನೇ ದಕ್ಷಿಣದ ಹಲವು ತಲೆಮಾರುಗಳು ಓದಿದವು.

ಇದಕ್ಕೆ ಎದುರಾದ ಕೆಲಸ ಸದ್ದಿಲ್ಲದೆ ನಡೆದಿತ್ತು. ಗುಲಾಮರಾಗಿದ್ದ ತಂದೆತಾಯಿಯ ಮಗ ಕಾರ್ಟರ್ ವುಡ್‌ಸನ್ 1926ರಲ್ಲಿ ಕಪ್ಪು ಜನರ ಇತಿಹಾಸಕ್ಕೆಂದೇ ವರ್ಷಕ್ಕೊಂದು ವಾರ ಮೀಸಲಿಡುವ ಪದ್ಧತಿ ಆರಂಭಿಸಿದರು. ಇಂದು ಅಮೆರಿಕದಲ್ಲಿ ಫೆಬ್ರವರಿಯಿಡೀ ಆಚರಿಸುವ ಇತಿಹಾಸ ಮಾಸಕ್ಕೆ ಅದೇ ಮೂಲ. 1930ರ ದಶಕದಲ್ಲಿ ಲೂಯಿಸಿಯಾನದ ಟೆಸ್ಸಿ ಮೆಕ್‌ಗೀ ಎಂಬ ಶಿಕ್ಷಕಿ ವುಡ್‌ಸನ್ ಅವರ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮಕ್ಕಳಿಗೆ ಓದಿ ಹೇಳುತ್ತಿದ್ದರು. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ಕಾಣಿಸಿದರೆ ಅವರ ಕಣ್ಣು ಮೇಜಿನ ಮೇಲೆ ತೆರೆದಿಟ್ಟ ಸರ್ಕಾರಿ ಪಠ್ಯಕ್ಕೆ ಹೊರಳುತ್ತಿತ್ತು.

ಪಾಠದ ಮೇಲಿನ ಕಾನೂನುಗಳು ಜನಾಂಗಕ್ಕಷ್ಟೇ ಸಂಬಂಧಿಸಿರಲಿಲ್ಲ. ಮೊದಲ ಮಹಾಯುದ್ಧದ ಬಿಸಿಯಲ್ಲಿ, 1919ರಲ್ಲಿ, ನೆಬ್ರಾಸ್ಕ ರಾಜ್ಯ ಎಂಟನೆಯ ತರಗತಿ ದಾಟದ ಮಕ್ಕಳಿಗೆ ಇಂಗ್ಲಿಷೇತರ ಭಾಷೆ ಕಲಿಸುವುದನ್ನು ನಿಷೇಧಿಸಿತು. ಜರ್ಮನ್ ಪಾಠ ಹೇಳಿದ ರಾಬರ್ಟ್ ಮೇಯರ್ ಎಂಬ ಶಿಕ್ಷಕರಿಗೆ 25 ಡಾಲರ್ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ತಳ್ಳಿಹಾಕಿತು. 1925ರಲ್ಲಿ ಟೆನೆಸ್ಸೀ ರಾಜ್ಯ ವಿಕಾಸವಾದದ ಬೋಧನೆಯನ್ನು ನಿಷೇಧಿಸಿ, ಜಾನ್ ಸ್ಕೋಪ್ಸ್ ಎಂಬ ಯುವ ಶಿಕ್ಷಕನಿಗೆ 100 ಡಾಲರ್ ದಂಡ ಹಾಕಿದ್ದು ಜಗತ್ಪ್ರಸಿದ್ಧ. ಆ ದಂಡ ತಾಂತ್ರಿಕ ಕಾರಣಕ್ಕೆ ರದ್ದಾದರೂ ಕಾನೂನು ಮಾತ್ರ 1967ರವರೆಗೆ ಜೀವಂತವಿತ್ತು.

ನ್ಯಾಯಾಧೀಶರ ಪ್ರಶ್ನೆ

ಈ ಇತಿಹಾಸದಲ್ಲಿ ಮಿಸಿಸಿಪ್ಪಿ ರಾಜ್ಯದ ಒಂದು ಮೊಕದ್ದಮೆಗೆ ವಿಶೇಷ ಸ್ಥಾನವಿದೆ. ಜೇಮ್ಸ್ ಲೋವೆನ್ ಮತ್ತು ಚಾರ್ಲ್ಸ್ ಸ್ಯಾಲಿಸ್ ಎಂಬ ಇಬ್ಬರು ಬಿಳಿಯ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನೂ ಸಹೋದ್ಯೋಗಿಗಳನ್ನೂ ಕೂಡಿಸಿಕೊಂಡು 1974ರಲ್ಲಿ ಆ ರಾಜ್ಯದ ಇತಿಹಾಸ ಕುರಿತು ಹೊಸ ಶಾಲಾಪುಸ್ತಕ ಹೊರತಂದರು. ಗುಲಾಮಗಿರಿ, ಗುಂಪುಹತ್ಯೆ, ನಾಗರಿಕ ಹಕ್ಕುಗಳ ಹೋರಾಟ ಯಾವುದನ್ನೂ ಅವರು ಮುಚ್ಚಿಟ್ಟಿರಲಿಲ್ಲ. ಪುಸ್ತಕ ಆಯ್ಕೆ ಸಮಿತಿಯಲ್ಲಿದ್ದ ಏಳು ಮಂದಿಯಲ್ಲಿ ಐವರು ಬಿಳಿಯರು ಅದನ್ನು ತಿರಸ್ಕರಿಸಿದರು, ಇಬ್ಬರು ಕಪ್ಪು ಸದಸ್ಯರು ಒಪ್ಪಿದರು. ವಿವಾದ ಕೋರ್ಟಿಗೆ ಹೋಯಿತು.

ಕಪ್ಪು ವ್ಯಕ್ತಿಯೊಬ್ಬನನ್ನು ಗುಂಪು ಕೊಂದು ಸುಡುತ್ತಿರುವ ಒಂದು ಫೋಟೋ ಆ ಪುಸ್ತಕದಲ್ಲಿತ್ತು. ಇಂಥ ಚಿತ್ರವನ್ನಿಟ್ಟುಕೊಂಡು ತರಗತಿಯನ್ನು ಹತೋಟಿಯಲ್ಲಿಡುವುದು ಶಿಕ್ಷಕಿಯರಿಗೆ ಕಷ್ಟವಾದೀತು ಎಂದು ಸಮಿತಿಯ ಸದಸ್ಯರೊಬ್ಬರು ಸಾಕ್ಷ್ಯ ನುಡಿದರು. ಇದು ಮಿಸಿಸಿಪ್ಪಿಯಲ್ಲಿ ನಡೆದದ್ದು ನಿಜ ತಾನೆ ಎಂದು ನ್ಯಾಯಾಧೀಶ ಓರ್ಮಾ ಸ್ಮಿತ್ ಕೇಳಿದರು. ನಡೆದದ್ದು ಹೌದು, ಆದರೆ ಅದೆಲ್ಲ ಯಾವ ಕಾಲದ್ದೋ, ಈಗೇಕೆ ಕೆದಕಬೇಕು ಎಂಬ ಅರ್ಥದ ಉತ್ತರ ಬಂತು. ಇದು ಇತಿಹಾಸದ ಪುಸ್ತಕವಲ್ಲವೆ ಎಂದು ನ್ಯಾಯಾಧೀಶರು ಮರುಪ್ರಶ್ನಿಸಿದರು. 1980ರಲ್ಲಿ ತೀರ್ಪು ಲೇಖಕರ ಪರವಾಗಿ ಬಂತು. ಪುಸ್ತಕ ಅಂಗೀಕೃತ ಪಟ್ಟಿಗೆ ಸೇರಿತು.

ಅಂದಿನ ಸಾಕ್ಷಿದಾರರ ಮಾತಿಗೂ ಇಂದಿನ ಕಾನೂನುಗಳ ಮಾತಿಗೂ ಒಂದು ಹೋಲಿಕೆಯಿದೆ. ಎರಡರಲ್ಲೂ ಘಟನೆ ಸುಳ್ಳೆಂಬ ವಾದವಿಲ್ಲ. ಅದನ್ನು ಕೇಳಿದವರ ಮನಸ್ಸಿಗೆ ಏನಾದೀತು ಎಂಬ ಆತಂಕವಿದೆ.

2020ರ ತಿರುವು

ಈಗಿನ ಅಲೆಯ ಮೂಲ 2020ರಲ್ಲಿದೆ. ಆ ವರ್ಷದ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಉಸಿರುಗಟ್ಟಿ ಸತ್ತಾಗ ದೇಶವೆಲ್ಲ ಹೊತ್ತಿಕೊಂಡಿತು. ಕಂಪನಿಗಳು, ಸರ್ಕಾರಿ ಇಲಾಖೆಗಳು, ಶಾಲೆಗಳು ವರ್ಣಭೇದದ ಬಗ್ಗೆ ತರಬೇತಿ ಶಿಬಿರಗಳನ್ನು ಏರ್ಪಡಿಸಿದವು. ಎಲ್ಲ ತರಬೇತಿಯೂ ವಿವೇಕದಿಂದ ಕೂಡಿತ್ತೆಂದು ಹೇಳಲಾಗದು. ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯವೇ ದುಡಿಮೆಯ ನಿಷ್ಠೆ, ತಾರ್ಕಿಕ ಚಿಂತನೆಗಳನ್ನು ‘ಬಿಳಿಯ ಸಂಸ್ಕೃತಿ’ಯ ಲಕ್ಷಣಗಳ ಪಟ್ಟಿಗೆ ಸೇರಿಸಿದ ಕೋಷ್ಟಕವೊಂದನ್ನು ಪ್ರಕಟಿಸಿ, ಟೀಕೆ ಬಂದ ಮೇಲೆ ಆ ಜುಲೈನಲ್ಲಿ ತೆಗೆದುಹಾಕಿತು. ಬಣ್ಣ ನೋಡಿ ಗುಣ ಹೇಳುವುದು ತಪ್ಪೆಂದಾದರೆ ಅದು ಎಲ್ಲ ಬಣ್ಣಕ್ಕೂ ತಪ್ಪೇ ಅಲ್ಲವೆ ಎಂದು ವಿರೋಧಿಗಳು ಕೇಳಿದರು. ತೆರಿಗೆದಾರರ ಹಣದಲ್ಲಿ ನಡೆಯುವ ಶಾಲೆ ತಮ್ಮ ಮಕ್ಕಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ನೋಡಬಾರದು ಎಂಬ ತಂದೆತಾಯಿಯರ ಕಳವಳವನ್ನೂ ಸುಲಭವಾಗಿ ಅಲ್ಲಗಳೆಯುವಂತಿರಲಿಲ್ಲ.

ಈ ಕಳವಳಕ್ಕೆ ರಾಜಕೀಯವು ಒಂದು ಹೆಸರು ಹುಡುಕಿಕೊಟ್ಟಿತು: ‘ಕ್ರಿಟಿಕಲ್ ರೇಸ್ ಥಿಯರಿ’. ಕಾನೂನಿನ ಕಣ್ಣಿಗೆ ಎಲ್ಲರೂ ಸಮಾನರಾದ ಮೇಲೂ ಅಸಮಾನತೆ ಏಕೆ ಅಳಿಯಲಿಲ್ಲ ಎಂದು ಕೇಳಿಕೊಂಡ ಡೆರಿಕ್ ಬೆಲ್, ಕಿಂಬರ್ಲಿ ಕ್ರೆನ್‌ಷಾ ಮುಂತಾದ ಕಾನೂನು ಪ್ರಾಧ್ಯಾಪಕರು 1970-80ರ ದಶಕಗಳಲ್ಲಿ ರೂಪಿಸಿದ ಚಿಂತನೆ ಇದು. ದೋಷ ವ್ಯಕ್ತಿಗಳ ದ್ವೇಷದಲ್ಲಷ್ಟೇ ಅಲ್ಲ, ಸಂಸ್ಥೆಗಳ ನಡೆವಳಿಕೆಯಲ್ಲೇ ಹುದುಗಿದೆ ಎಂಬುದು ಇದರ ಸಾರ. ಕಾನೂನು ಕಾಲೇಜುಗಳ ಈ ಪಾರಿಭಾಷಿಕ ಮಾತು ಕೆಲವೇ ತಿಂಗಳಲ್ಲಿ ಶಾಲಾ ಮಂಡಳಿಗಳ ಸಭೆಯಲ್ಲಿ ಬೈಗುಳದಂತೆ ಕೇಳಿಬರತೊಡಗಿತು.

2020ರ ಸೆಪ್ಟೆಂಬರ್ 22ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಆದೇಶವೊಂದನ್ನು ಹೊರಡಿಸಿ, ಕೇಂದ್ರ ಸರ್ಕಾರದ ಇಲಾಖೆಗಳೂ ಗುತ್ತಿಗೆದಾರರೂ ತಮ್ಮ ನೌಕರರ ತರಬೇತಿಯಲ್ಲಿ ಬಳಸಬಾರದ ‘ಒಡಕು ತರುವ ಪರಿಕಲ್ಪನೆ’ಗಳ ಪಟ್ಟಿ ಕೊಟ್ಟರು. 2021ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಜೋ ಬೈಡನ್ ಅದನ್ನು ರದ್ದು ಮಾಡಿದರು. ಆದರೆ ಪಟ್ಟಿ ಸಾಯಲಿಲ್ಲ. ಅದೇ ಮಾತುಗಳು ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ರಾಜ್ಯಗಳ ಮಸೂದೆಗಳೊಳಗೆ ಸೇರಿದವು. 2021ರ ಏಪ್ರಿಲ್‌ನಲ್ಲಿ ಐಡಹೋ, ನಂತರ ಒಕ್ಲಹೋಮ, ಟೆನೆಸ್ಸೀ, ಟೆಕ್ಸಾಸ್, ನ್ಯೂ ಹ್ಯಾಂಪ್‌ಷೈರ್ ಹೀಗೆ ಎರಡು ಮೂರು ವರ್ಷಗಳಲ್ಲಿ ಹದಿನೈದಕ್ಕೂ ಹೆಚ್ಚು ರಾಜ್ಯಗಳು ಇಂಥ ನಿರ್ಬಂಧ ತಂದವು. 2022ರ ಮಾರ್ಚ್‌ನಲ್ಲಿ ಫ್ಲಾರಿಡ ಮತ್ತೊಂದು ಹೆಜ್ಜೆ ಮುಂದಿಟ್ಟು, ಮೂರನೆಯ ತರಗತಿಯವರೆಗೆ ಲೈಂಗಿಕ ಒಲವು, ಲಿಂಗ ಅಸ್ಮಿತೆಗಳ ಪಾಠವನ್ನು ನಿಷೇಧಿಸಿತು. ಮರುವರ್ಷ ಅದನ್ನು ಹನ್ನೆರಡನೆಯ ತರಗತಿಯವರೆಗೆ ವಿಸ್ತರಿಸಲಾಯಿತು. ಇಬ್ಬರು ತಾಯಂದಿರಿರುವ ಮಗು ತನ್ನ ಮನೆಯ ಚಿತ್ರ ಬರೆದು ತಂದರೆ ಶಿಕ್ಷಕಿ ಏನು ಹೇಳಬೇಕು ಎಂಬುದು ಅಲ್ಲಿ ನಿಜವಾದ ಗೊಂದಲವಾಯಿತು. ಮಾತುಕತೆಗೆ ಅಡ್ಡಿಯಿಲ್ಲ, ಬೋಧನೆಗೆ ಮಾತ್ರ ನಿಷೇಧ ಎಂಬ ಸ್ಪಷ್ಟನೆ ದೊರೆತದ್ದು 2024ರ ಮಾರ್ಚ್‌ನಲ್ಲಿ, ಮೊಕದ್ದಮೆಯೊಂದರ ರಾಜಿಯ ಮೂಲಕ.

ಒಂದು ಕಾನೂನು, ಮೂರು ತಕ್ಕಡಿ

ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ವಾಕ್ ಸ್ವಾತಂತ್ರ್ಯವನ್ನು ಕೊಡುತ್ತದೆ. ಹಾಗಿದ್ದೂ ಇಂಥ ಕಾನೂನು ಹೇಗೆ ನಿಲ್ಲುತ್ತದೆ? ಮಾತು ಎಲ್ಲಿ ಆಡಿದ್ದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಸರ್ಕಾರಿ ಶಾಲೆಯ ಶಿಕ್ಷಕರು ಸರ್ಕಾರದ ನೌಕರರು. ಸರ್ಕಾರಿ ನೌಕರ ಕರ್ತವ್ಯದ ಭಾಗವಾಗಿ ಆಡಿದ ಮಾತಿಗೆ ಮೊದಲ ತಿದ್ದುಪಡಿಯ ರಕ್ಷಣೆಯಿಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಪಠ್ಯ ಗೊತ್ತುಮಾಡುವ ಅಧಿಕಾರ ರಾಜ್ಯದ್ದು. ಆದ್ದರಿಂದ ಶಾಲೆಯ ವಿಚಾರದಲ್ಲಿ ಕಾನೂನುಗಳನ್ನು ಪ್ರಶ್ನಿಸಿದವರು ಬಹುಮಟ್ಟಿಗೆ ಬೇರೆ ದಾರಿ ಹಿಡಿದರು: ಏನು ಮಾಡಿದರೆ ತಪ್ಪು ಎಂಬುದು ಸ್ಪಷ್ಟವಾಗಿಲ್ಲದಿದ್ದರೆ ಶಿಕ್ಷಿಸುವುದು ಅನ್ಯಾಯ ಎಂಬ ವಾದ. 2024ರ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಕಾನೂನು ಇದೇ ಅಸ್ಪಷ್ಟತೆಯ ಕಾರಣಕ್ಕೆ ಕೋರ್ಟಿನಲ್ಲಿ ಬಿದ್ದಿತು. ಮುಂದಿನ ತಿಂಗಳು ಒಕ್ಲಹೋಮದ ಕಾನೂನಿನ ಕೆಲವು ಭಾಗಗಳಿಗೂ ತಡೆ ಬಂತು.

ವಿಶ್ವವಿದ್ಯಾಲಯದ ತಕ್ಕಡಿ ಬೇರೆ. ಅಲ್ಲಿ ಬೋಧನಾ ಸ್ವಾತಂತ್ರ್ಯಕ್ಕೆ ಕೋರ್ಟುಗಳು 1950-60ರ ದಶಕಗಳಿಂದಲೂ ಹೆಚ್ಚು ಬೆಲೆ ಕೊಟ್ಟಿವೆ. ಫ್ಲಾರಿಡದ 2022ರ ಕಾನೂನನ್ನು ಕಾಲೇಜುಗಳಿಗೆ ಅನ್ವಯಿಸದಂತೆ ಅದೇ ನವೆಂಬರ್‌ನಲ್ಲಿ ಕೇಂದ್ರ ನ್ಯಾಯಾಲಯವೊಂದು ತಡೆಯಿತು.

ಮೂರನೆಯದು ಖಾಸಗಿ ಕಚೇರಿ. ಇಲ್ಲಿ ಮಾತಾಡುವವನು ಸರ್ಕಾರದ ನೌಕರನಲ್ಲ, ಸ್ವತಂತ್ರ ಮಾಲೀಕ. 1964ರ ನಾಗರಿಕ ಹಕ್ಕು ಕಾಯಿದೆ ಉದ್ಯೋಗದಲ್ಲಿ ಜನಾಂಗ, ಲಿಂಗಗಳ ತಾರತಮ್ಯವನ್ನು ನಿಷೇಧಿಸಿದ ಮೇಲೆ, ಮೊಕದ್ದಮೆಗಳಿಂದ ಪಾರಾಗುವ ಎಚ್ಚರದಿಂದಲೂ ಕಂಪನಿಗಳು ತರಬೇತಿಯ ಅಭ್ಯಾಸ ಬೆಳೆಸಿಕೊಂಡಿದ್ದವು. ಫ್ಲಾರಿಡದ ಕಾನೂನು ನೌಕರರು ಕಡ್ಡಾಯವಾಗಿ ಹಾಜರಾಗಬೇಕಾದ ತರಬೇತಿಗಳಲ್ಲಿ ಎಂಟು ವಿಚಾರಗಳನ್ನು ಸಮರ್ಥಿಸಬಾರದೆಂದಿತು. ನಾವು ತಡೆಯುತ್ತಿರುವುದು ಮಾತನ್ನಲ್ಲ, ಒತ್ತಾಯದ ಹಾಜರಿಯನ್ನು ಎಂದು ರಾಜ್ಯ ವಾದಿಸಿತು. 2024ರ ಮಾರ್ಚ್ 4ರಂದು ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಯಾವ ಸಭೆ ನಿಷಿದ್ಧ, ಯಾವುದು ಅಲ್ಲ ಎಂದು ತಿಳಿಯಬೇಕಾದರೆ ಅಲ್ಲಿ ಆಡಿದ ಮಾತಿನ ಅಭಿಪ್ರಾಯವನ್ನೇ ನೋಡಬೇಕಾಗುತ್ತದೆ. ಆದ್ದರಿಂದ ನಿಷೇಧ ಬಿದ್ದಿರುವುದು ಅಭಿಪ್ರಾಯದ ಮೇಲೆಯೇ ಎಂಬುದು ತೀರ್ಪಿನ ತಾರ್ಕಿಕತೆ. ಅದನ್ನು ಬರೆದ ನ್ಯಾಯಾಧೀಶೆ ಬ್ರಿಟ್ ಗ್ರಾಂಟ್ ಅವರನ್ನು ನೇಮಿಸಿದ್ದು ಟ್ರಂಪ್ ಅವರೇ.

ಹೊರದೇಶದ ಈ ಜಗಳದಲ್ಲಿ ಭಾರತೀಯರಿಗೂ ಪಾಲಿದೆ. ಕ್ಯಾಲಿಫೋರ್ನಿಯದ ಆರನೆಯ ತರಗತಿ ಪುಸ್ತಕಗಳಲ್ಲಿ ಪ್ರಾಚೀನ ಭಾರತದ ಪಾಠವಿದೆ. ಅದರಲ್ಲಿ ಜಾತಿಯ ವಿವರಣೆ ಹೇಗಿರಬೇಕೆಂದು 2005-06ರಲ್ಲಿ, ಮತ್ತೆ 2016ರಲ್ಲಿ ದೊಡ್ಡ ವಾಗ್ವಾದ ನಡೆಯಿತು. ಇಂಥ ಪಾಠದಿಂದ ತಮ್ಮ ಮಕ್ಕಳು ಸಹಪಾಠಿಗಳೆದುರು ತಲೆ ತಗ್ಗಿಸಬೇಕಾಗುತ್ತದೆ ಎಂದು ಕೆಲವು ಹಿಂದೂ ಸಂಘಟನೆಗಳು ಹೇಳಿದರೆ, ಜಾತಿಯ ಮಾತನ್ನು ಅಳಿಸಿದರೆ ತಮ್ಮ ಹಿರಿಯರ ನೋವನ್ನೇ ಅಳಿಸಿದಂತೆ ಎಂದು ದಲಿತ ಸಂಘಟನೆಗಳು ವಾದಿಸಿದವು. ಮಗುವಿನ ಮುಜುಗರ ಒಂದು ತಟ್ಟೆಯಲ್ಲಿ, ನಡೆದ ಸಂಗತಿ ಇನ್ನೊಂದು ತಟ್ಟೆಯಲ್ಲಿ; ತೂಕ ಮಾಡುವುದು ಅಲ್ಲಿಯೂ ಸುಲಭವಾಗಿರಲಿಲ್ಲ.

ಕಾನೂನಿಗಿಂತ ಉದ್ದದ ನೆರಳು

ಇಂಥ ಕಾನೂನುಗಳಡಿ ಶಿಕ್ಷೆಗೊಳಗಾದವರ ಸಂಖ್ಯೆ ದೊಡ್ಡದಲ್ಲ. 2022ರ ಜುಲೈನಲ್ಲಿ ಶಿಕ್ಷಕರ ತರಬೇತಿಯೊಂದರ ಬಗ್ಗೆ ಬಂದ ದೂರಿನ ಮೇಲೆ ಟಲ್ಸಾ ನಗರದ ಸರ್ಕಾರಿ ಶಾಲೆಗಳ ಮಾನ್ಯತೆಯನ್ನೇ ‘ಎಚ್ಚರಿಕೆ’ಯ ದರ್ಜೆಗೆ ಇಳಿಸಿದ್ದು ಎದ್ದು ಕಾಣುವ ಉದಾಹರಣೆ. ಟೆನೆಸ್ಸೀಯಲ್ಲಿ ಬಂದ ಮೊದಮೊದಲ ದೂರುಗಳಲ್ಲೊಂದು, 1960ರಲ್ಲಿ ಆರು ವರ್ಷದ ಪುಟ್ಟ ಕಪ್ಪು ಹುಡುಗಿ ರೂಬಿ ಬ್ರಿಜಸ್ ಬಿಳಿಯರ ಶಾಲೆಗೆ ನಡೆದುಹೋದ ಕಥೆಯ ಮಕ್ಕಳ ಪುಸ್ತಕದ ಮೇಲಿತ್ತು. ರಾಜ್ಯದ ಶಿಕ್ಷಣ ಇಲಾಖೆ ಅದನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ.

ಆದರೆ ಕಾನೂನಿನ ನಿಜವಾದ ಬಲ ಶಿಕ್ಷೆಯಲ್ಲಿಲ್ಲ, ಶಂಕೆಯಲ್ಲಿದೆ. ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಕಾನೂನು ಮುರಿದ ಶಿಕ್ಷಕರನ್ನು ಮೊದಲು ಹಿಡಿದುಕೊಟ್ಟವರಿಗೆ ಸಂಘಟನೆಯೊಂದು 500 ಡಾಲರ್ ಬಹುಮಾನ ಸಾರಿತ್ತು. ಟೆಕ್ಸಾಸ್‌ನ ಸೌತ್‌ಲೇಕ್‌ನಲ್ಲಿ 2021ರ ಅಕ್ಟೋಬರ್‌ನಲ್ಲಿ ಅಧಿಕಾರಿಯೊಬ್ಬರು, ಯೆಹೂದ್ಯರ ಹತ್ಯಾಕಾಂಡದ ಪುಸ್ತಕ ಇಟ್ಟರೆ ‘ವಿರುದ್ಧ ದೃಷ್ಟಿ’ಯ ಪುಸ್ತಕವನ್ನೂ ಇಡಬೇಕೆಂದು ಶಿಕ್ಷಕರಿಗೆ ಹೇಳಿ ದೇಶವನ್ನೇ ಬೆಚ್ಚಿಬೀಳಿಸಿದರು. ಶಾಲಾಡಳಿತ ಆಮೇಲೆ ಕ್ಷಮೆ ಕೇಳಿತು. ಒಕ್ಲಹೋಮದ ಡ್ಯೂಯಿ ಎಂಬ ಊರಿನ ಶಿಕ್ಷಕಿಯೊಬ್ಬರು ಓಸೇಜ್ ಬುಡಕಟ್ಟಿನವರ ಕೊಲೆಗಳ ಕುರಿತ ಡೇವಿಡ್ ಗ್ರ್ಯಾನ್ ಪುಸ್ತಕವನ್ನು ತರಗತಿಗೆಂದು ತರಿಸಿಟ್ಟಿದ್ದರೂ, ಈ ಕಾನೂನಿನ ಅಂಜಿಕೆಯಿಂದ ಪಾಠ ಮಾಡಲು ಹಿಂಜರಿದರು. ಆ ಕೊಲೆಗಳು ನಡೆದದ್ದು ಅದೇ ಓಸೇಜ್ ಸೀಮೆಯಲ್ಲಿ. ರ್‍ಯಾಂಡ್ ಸಂಸ್ಥೆ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಶಿಕ್ಷಕರು ರಾಜಕೀಯ, ಸಾಮಾಜಿಕ ವಿಷಯಗಳ ಚರ್ಚೆಯನ್ನು ತಾವಾಗಿಯೇ ಕಡಿಮೆ ಮಾಡಿದ್ದಾಗಿ ಹೇಳಿದರು. ಕಾನೂನೇ ಇಲ್ಲದ ಊರುಗಳ ಶಿಕ್ಷಕರೂ ಇವರಲ್ಲಿದ್ದರು. ಬೀಸುವ ದೊಣ್ಣೆಯ ಸದ್ದು ಪಕ್ಕದ ಊರಿಗೂ ಕೇಳಿಸುತ್ತದೆ.

2025ರಲ್ಲಿ ವಿವಾದ ಮತ್ತೆ ಕೇಂದ್ರಕ್ಕೆ ಬಂತು. ಮರಳಿ ಅಧ್ಯಕ್ಷರಾದ ಟ್ರಂಪ್ ಜನವರಿ 29ರಂದು ಶಾಲೆಗಳ ‘ಬೋಧನಾ ಮತಾಂಧತೆ’ಯನ್ನು ಕೊನೆಗಾಣಿಸುವ ಆದೇಶ ಹೊರಡಿಸಿದರು. ಅನುದಾನ ನಿಲ್ಲಿಸುವ ಎಚ್ಚರಿಕೆಯೊಂದಿಗೆ ಶಿಕ್ಷಣ ಇಲಾಖೆ ಫೆಬ್ರವರಿಯಲ್ಲಿ ಕಳಿಸಿದ ಸುತ್ತೋಲೆಯನ್ನು ಆಗಸ್ಟ್‌ನಲ್ಲಿ ಮೇರಿಲ್ಯಾಂಡಿನ ಕೇಂದ್ರ ನ್ಯಾಯಾಲಯ ರದ್ದುಗೊಳಿಸಿತು. ಇದರ ನಡುವೆ, ಜೂನ್ 27ರಂದು, ಸಲಿಂಗಿ ಪಾತ್ರಗಳಿರುವ ಕಥೆಪುಸ್ತಕಗಳ ಪಾಠದಿಂದ ಮಕ್ಕಳನ್ನು ಹೊರಗಿಡಲು ಬಯಸಿದ ಧರ್ಮನಿಷ್ಠ ತಂದೆತಾಯಿಯರ ಪರವಾಗಿ ಸುಪ್ರೀಂ ಕೋರ್ಟ್ 6-3ರ ಬಹುಮತದ ತೀರ್ಪು ಕೊಟ್ಟಿತು. ಇಡೀ ತರಗತಿಯ ಪುಸ್ತಕ ಕಿತ್ತುಕೊಳ್ಳುವುದಕ್ಕೂ ತನ್ನ ಮಗುವನ್ನು ಆ ಹೊತ್ತಿಗೆ ಹೊರಗೆ ಕರೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಆದರೆ ಎರಡರ ನಡುವೆ ನಿಂತ ಶಿಕ್ಷಕರ ಪಾಲಿಗೆ ಆ ವ್ಯತ್ಯಾಸ ತೆಳುವಾಗುತ್ತಲೇ ಇದೆ.

ಅಪರಾಧಿ ಭಾವವನ್ನು ಹೊರಿಸುವುದು ಶಿಕ್ಷಣವಲ್ಲ ಎಂಬ ಮಾತನ್ನು ಈ ಕಾನೂನುಗಳ ಕಟ್ಟಾ ವಿರೋಧಿಗಳೂ ಒಪ್ಪುತ್ತಾರೆ. ಮನೆ ಸುಟ್ಟವರ ಮೊಮ್ಮಕ್ಕಳು ಸುಟ್ಟವರಲ್ಲ. ಆದರೆ ಮನೆ ಸುಟ್ಟುಕೊಂಡವರ ಮೊಮ್ಮಕ್ಕಳೂ ಅದೇ ತರಗತಿಯಲ್ಲಿ, ಪಕ್ಕದ ಬೆಂಚಿನ ಮೇಲೆ ಕೂತಿರುತ್ತಾರೆ. ಒಬ್ಬ ಮಗುವಿನ ಮುಜುಗರವನ್ನು ಅಳೆಯುವ ಕಾನೂನು ಇನ್ನೊಬ್ಬ ಮಗುವಿನ ಮೌನವನ್ನು ಅಳೆಯುವುದಿಲ್ಲ. ಗ್ರೀನ್‌ವುಡ್‌ನ ಬೀದಿಗಳಲ್ಲಿ ಇಂದು ಕಾಲುದಾರಿಯ ಮೇಲೆ, 1921ರಲ್ಲಿ ಅಲ್ಲಿದ್ದ ಅಂಗಡಿ ಮುಂಗಟ್ಟುಗಳ ಹೆಸರು ಬರೆದ ಪುಟ್ಟ ಫಲಕಗಳನ್ನು ಹುದುಗಿಸಲಾಗಿದೆ. ಆ ಬೀದಿಯಲ್ಲಿ ನಡೆಯುವ ಮಕ್ಕಳು ಅವನ್ನು ಓದಿಯೇ ಓದುತ್ತಾರೆ. ಓದಿದವರು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗೆ ಶಾಲೆಯಲ್ಲಿ ಅಂಜದೆ ಉತ್ತರಿಸುವವರು ಇರುತ್ತಾರೆಯೇ ಎಂಬುದಷ್ಟೇ ಇನ್ನೂ ಇತ್ಯರ್ಥವಾಗಬೇಕಾದ ಸಂಗತಿ.